ಮುಂಗಾಲಿಗೆ ಸುರಿದ ದುಡ್ಡು, ಹಿಂಗಾಲಲ್ಲಿದ್ದ ನೋವು

"ಇದು ನೋವಲ್ಲ ಸಾ, ಪೊಗರು. ನಾಕು ಬಿಟ್ರೆ ತಾನಾಗೇ ಓಡ್ತದೆ" ಅಂದಿದ್ದರು ನಮ್ಮ ಲಾಯದ ಹಿರಿಯ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು. ರೇಸ್ ಬಿಟ್ಟು ನನ್ನ ಕೈಗೆ ಬಂದ ಕಂದು ಹೆಣ್ಣುಕುದುರೆ ಅದು, 9 ವರ್ಷ. ಟ್ರಾಟ್‌ವರೆಗೂ, ಅಂದರೆ ಸಣ್ಣ ಓಟದವರೆಗೂ, ತಕರಾರಿಲ್ಲ. ಅದಕ್ಕಿಂತ ಜೋರಾದ ಜಿಗಿತದ ಓಟ, ಕ್ಯಾಂಟರ್ ಕೇಳಿದರೆ ಕಿವಿ ಮಡಚಿ, ಬಾಲ ಬೀಸಿ, ಟ್ರಾಟನ್ನೇ ಜೋರು ಮಾಡೋದು. ಎಡಕ್ಕೆ ಸುತ್ತು ಹೊಡೆಯುವಾಗ ಹೇಗೋ ಕ್ಯಾಂಟರ್ ಎತ್ತುತ್ತಿತ್ತು. ಬಲಕ್ಕೆ ಸುತಾರಾಂ ಇಲ್ಲ. ಒತ್ತಾಯ ಮಾಡಿದರೆ ಮುಂದೆ ಬಲ ಲೀಡ್, ಹಿಂದೆ ಎಡ ಲೀಡ್ (ಲೀಡ್ ಅಂದರೆ ಕ್ಯಾಂಟರ್ ಓಟದಲ್ಲಿ ಮುಂದೆ ಚಾಚುವ ಕಾಲು).

ಟ್ರಾಟ್‌ನಲ್ಲಿ ಎಡ ಮುಂಗಾಲು ಊರುವಾಗ ತಲೆ ಚೂರು ಮೇಲೇಳುತ್ತಿತ್ತು. ಸರಿ, ಎಡ ಮುಂಗಾಲೇ ಅಂತ ಎಲ್ಲರೂ ತೀರ್ಮಾನಿಸಿದರು, ನಾನೂ ಸೇರಿ. ಗೊರಸಿಗೆ ಎಕ್ಸ್‌ರೇ, ಮೆತ್ತೆ ಹಾಕಿದ ಲಾಳ, ಮೂರು ವಾರ ರೆಸ್ಟ್, ಆಮೇಲೆ ಹೊಸ ಸ್ಯಾಡಲ್. ಹೆಚ್ಚೂಕಡಿಮೆ 40 ಸಾವಿರ ಹೋಯಿತು. ಗೊರಸಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೂ ತಲೆ ಹಾಗೇ ಏಳುತ್ತಿತ್ತು. ಅಂದರೆ ನೋವು ಆ ಗೊರಸಿನದಲ್ಲ, ಅವತ್ತೇ ನನಗೆ ಬುದ್ಧಿ ಬರಬೇಕಿತ್ತು.

ಬುದ್ಧಿ ಬಂದದ್ದು ಗೋಣಿಚೀಲದಿಂದ. ಲಾಳ ಹೊಡೆಯುವ ಸಾಬರು ಬಿಚ್ಚಿದ ಹಳೇ ಲಾಳಗಳನ್ನು ನಾನು ಎಸೆಯೋದಿಲ್ಲ. ಸುರಿದು ನೋಡಿದರೆ ಎಡ ಹಿಂಗಾಲಿನ ಮೂರಕ್ಕೆ ಮೂರೂ ಮುಂತುದಿಯಲ್ಲಿ ಸವೆದು, ಹಳೇ ಎಂಟಾಣೆಯಷ್ಟು ತೆಳ್ಳಗಾಗಿವೆ. ಬಲಗಾಲಿನವು ಸಮ. ಕಾಲು ಎಳೀತಿದೆ ಅಂದ ಹಾಗಾಯಿತು.

ಬೆಳಗ್ಗೆ ಐದೂವರೆಗೆ, ವಾಹನ ಶುರುವಾಗುವ ಮೊದಲು, ಮೈಸೂರಿನ ಲಲಿತಮಹಲ್ ಕಡೆಯ ನೇರ ರಸ್ತೆಗೆ ಹೋದೆವು. ಸೊಂಟದ ಎರಡೂ ಉಬ್ಬುಮೂಳೆಗೆ ಬಿಳಿ ಟೇಪ್ ಅಂಟಿಸಿ, ಲಾಯದ ಹುಡುಗ ಕೈಯಲ್ಲಿ ಹಿಡಿದು ಟ್ರಾಟ್ ಮಾಡಿಸಿದ. ನಾನು ಹಿಂದೆ ಕುಕ್ಕರುಗಾಲಲ್ಲಿ ಕೂತು ಫೋನಿನಲ್ಲಿ ಸ್ಲೋ ಮೋಷನ್ ತೆಗೆದೆ. ಲಗಾಮು ಸಡಿಲ ಇರಲೇಬೇಕು. ಮೊದಲ ನಾಲ್ಕು ದಿನದ ವಿಡಿಯೊ ಬರೀ ದಂಡ, ಹುಡುಗ ತಲೆ ಬಿಗಿ ಹಿಡಿದಿದ್ದ. ಐದನೇ ದಿನ ಎಡ ಟೇಪ್ ಬಲದ್ದಕ್ಕಿಂತ ಜಾಸ್ತಿ ಏರಿಳಿಯೋದು ಕಣ್ಣಿಗೆ ಹೊಡೆದ ಹಾಗೆ ಕಂಡಿತು. ಟ್ರಾಟ್ ಓಟದಲ್ಲಿ ಎಡ ಹಿಂಗಾಲು ಊರುವುದು ಬಲ ಮುಂಗಾಲಿನ ಜೊತೆ. ನೋವು ತಪ್ಪಿಸಲು ಕುದುರೆ ಆಗ ತಲೆ ಬಗ್ಗಿಸಿ ಭಾರ ಮುಂದಕ್ಕೆ ಹಾಕುತ್ತದೆ, ಎಡ ಮುಂಗಾಲು ಊರುವಾಗ ತಲೆ ಮತ್ತೆ ಎತ್ತುತ್ತದೆ. ನಮ್ಮನ್ನೆಲ್ಲ ಏಮಾರಿಸಿದ್ದು ಅದು. ಬಲಕ್ಕೆ ಸುತ್ತಲು ಬೇಕಾದ ಬಲ ಲೀಡ್‌ಗೆ ಮೊದಲು ಊರಬೇಕಾದ್ದೂ ಎಡ ಹಿಂಗಾಲೇ, ಅದಕ್ಕೇ ಆ ಹಟ.

ಟೇಪ್ ಎಲ್ಲರೂ ಅಂಟಿಸಬಹುದು. ನಾನು ಫೋನ್ ಎಷ್ಟು ಎತ್ತರದಲ್ಲಿ, ಯಾವುದರ ಮೇಲೆ ಇಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋಲ್ಲ. ಲಾಯಕ್ಕೆ ಬನ್ನಿ, ಕಾಫಿ ಕೊಟ್ಟು ತೋರಿಸುತ್ತೇನೆ.

ಮಧ್ಯೆ ರಂಗೋಲಿ ಪುಡಿಯ ಹುಚ್ಚೂ ಹತ್ತಿತ್ತು. ಒದ್ದೆ ಮಣ್ಣಿನ ಮೇಲೆ ಉದುರಿಸಿ ನಡೆಸಿದರೆ ಎಡ ಹಿಂಗೊರಸಿನ ಗುರುತು ನಾಲ್ಕು ಬೆರಳು ಹಿಂದೆ ಬೀಳುತ್ತಿತ್ತು. ಚೆನ್ನಾಗೇ ಕಂಡಿತು, ಆದರೆ ದಿನಕ್ಕೊಂದು ಅಳತೆ. ಮನೆಯಲ್ಲಿ ಪುಡಿ ಖಾಲಿಯಾಗಿ ಬೈಸಿಕೊಂಡು ಬಿಟ್ಟೆ. ಟಾಂಗಾದವರೊಬ್ಬರ ಕುದುರೆಗೂ ಟೇಪ್ ಹಾಕಿ ನೋಡಿದೆ. ಗಾಡಿ ಕಟ್ಟಿದ್ದಾಗ ಏನೂ ತಿಳಿಯೋಲ್ಲ, ಬಿಚ್ಚಿ ಓಡಿಸಬೇಕು.

ಆಮೇಲೆ ಹಿಂಗಾಲು ಮಡಚುವ ಪರೀಕ್ಷೆ. ಒಂದು ನಿಮಿಷ ಎತ್ತಿ ಹಿಡಿದು ಬಿಟ್ಟ ತಕ್ಷಣ ಟ್ರಾಟ್. ಎಡಗಾಲಿಗೆ ಎಂಟು ಹತ್ತು ಹೆಜ್ಜೆ ಢಾಳಾಗಿ ಕುಂಟಿತು, ಬಲಗಾಲಿಗೆ ಎರಡೇ ಹೆಜ್ಜೆ. ಆದರೆ ಕುದುರೆಗೆ ಹಾಕ್ (ಹಿಂಗಾಲಿನ ನಡುವಿನ ಕೀಲು) ಮಡಚಿದರೆ ಅದರ ಮೇಲಿನ ಮಂಡಿ, ಸ್ಟೈಫಲ್ ಕೂಡ ಮಡಚುತ್ತದೆ, ಎರಡರಲ್ಲಿ ಯಾವುದು ಅಂತ ಹೇಳುವುದು ನನ್ನಿಂದಾಗದು.

ವಿಡಿಯೊ ಹಿಡಿದು ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ನಕ್ಕರು, ಎರಡನೇ ಸಲ ನೋಡುವಾಗ ನಗು ನಿಂತಿತ್ತು. ಹಾಕ್‌ನ ಕೆಳಗಿನ ಕೀಲಿಗೆ ಮರಗಟ್ಟಿಸುವ ಔಷಧಿ ಕೊಟ್ಟು ಅರ್ಧ ಗಂಟೆ ಕಾದೆವು. ಬಲಕ್ಕೆ ಸುತ್ತು ಓಡಿಸಿದರೆ ಎರಡನೇ ಕೇಳಿಕೆಗೇ ಸರಿಯಾದ ಲೀಡ್‌ನಲ್ಲಿ ಕ್ಯಾಂಟರ್! ಎಕ್ಸ್‌ರೇಯಲ್ಲೂ ಆ ಕೀಲಿನ ಸಂದು ಸವೆದಿತ್ತು. ಕೀಲಿಗೆ ಸ್ಟೆರಾಯ್ಡ್, ತುದಿ ಗುಂಡಗೆ ಮಾಡಿದ ಲಾಳ, ಎಲ್ಲ ಸೇರಿ 14-15 ಸಾವಿರ.

ಏಳು ತಿಂಗಳಾಯಿತು. ಚಳಿ ಬೆಳಗ್ಗೆ ಇಪ್ಪತ್ತು ನಿಮಿಷ ನಡೆಸದೆ ಕ್ಯಾಂಟರ್ ಕೇಳಿದರೆ ಈಗಲೂ ಕಿವಿ ಮಡಚುತ್ತದೆ. ಪೊಗರು ಅಂದಿದ್ದ ಸೈಸಣ್ಣ ಹೋದ ವಾರ ತಮ್ಮ ಪರಿಚಯದವರ ಕುದುರೆಯೊಂದನ್ನು ಕರೆತಂದು, "ಸಾ, ಆ ಟೇಪ್ ಒಂಚೂರು ಅಂಟಿಸ್ತೀರಾ?" ಅಂದರು.