ಕಸಿಯ ನಂತರ ಇಬಿವಿ: ಲಿಂಫೋಮಾ ಬೇಗ ಪತ್ತೆಹಚ್ಚುವುದು ಹೇಗೆ?

ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಎಪ್ಸ್ಟೀನ್-ಬಾರ್ ವೈರಸ್, ಅಂದರೆ ಇಬಿವಿ, ಇದ್ದೇ ಇರುತ್ತದೆ. ಒಮ್ಮೆ ಹೊಕ್ಕ ಮೇಲೆ ಅದು ಬಿ ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಅಡಗಿ ಕೂರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಟಿ ಕೋಶಗಳ ಕೆಲಸ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಔಷಧಗಳು ಕಟ್ಟಿಹಾಕುವುದು ಈ ಟಿ ಕೋಶಗಳನ್ನೇ. ಕಾವಲು ಸಡಿಲವಾದಾಗ ವೈರಸ್ ಹೊತ್ತ ಬಿ ಕೋಶಗಳು ಲಂಗುಲಗಾಮಿಲ್ಲದೆ ಹೆಚ್ಚಿ, ಕೆಲವರಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಆಗಿಬಿಡುತ್ತವೆ. ಕಸಿಯ ನಂತರ ಬರುವ ಈ ಬಗೆಯ ಕಾಯಿಲೆಗಳಿಗೆ ಪಿಟಿಎಲ್‌ಡಿ ಎನ್ನುತ್ತಾರೆ.

ಇಬಿವಿಯಲ್ಲಿ ಎರಡು ಮುಖ್ಯ ತಳಿಗಳಿವೆ. ಪ್ರಯೋಗಾಲಯದಲ್ಲಿ ಬಿ ಕೋಶಗಳನ್ನು ಕೆರಳಿಸಿ ಬೆಳೆಸುವುದರಲ್ಲಿ ಮೊದಲನೆಯದು ಚುರುಕು, ಎರಡನೆಯದು ಮಂದ. ಆದರೆ ರೋಗಿಯ ನಿಗಾಕ್ಕೆ ತಳಿಗಿಂತ ಮುಖ್ಯವಾದದ್ದು ರಕ್ತದಲ್ಲಿ ವೈರಸ್ ಎಷ್ಟಿದೆ, ಎತ್ತ ಸಾಗುತ್ತಿದೆ ಎಂಬುದು.

ಕಸಿಗೆ ಮೊದಲು

ದಾನಿ ಮತ್ತು ರೋಗಿ ಇಬ್ಬರ ರಕ್ತದಲ್ಲೂ ಇಬಿವಿ ಐಜಿಜಿ ಪ್ರತಿಕಾಯ, ಅಂದರೆ ಹಿಂದೆ ಸೋಂಕು ತಗುಲಿದ್ದರ ಗುರುತು, ಇದೆಯೇ ನೋಡಬೇಕು. ದಾನಿಯಲ್ಲಿ ವೈರಸ್ ಇದ್ದು ರೋಗಿಗೆ ಹಿಂದೆಂದೂ ತಗುಲಿರದಿದ್ದರೆ ಅಪಾಯ ಎಲ್ಲಕ್ಕಿಂತ ಹೆಚ್ಚು. ಮಕ್ಕಳಲ್ಲಿ ಪಿಟಿಎಲ್‌ಡಿ ಹೆಚ್ಚಾಗಿ ಕಾಣುವುದಕ್ಕೆ ದೊಡ್ಡ ಕಾರಣ ಇದೇ. ರಕ್ತ ಅಥವಾ ಇಮ್ಯುನೊಗ್ಲಾಬ್ಯುಲಿನ್ ಕೊಡುವ ಮುನ್ನವೇ ಮಾದರಿ ತೆಗೆಯಿರಿ. ಇಲ್ಲದಿದ್ದರೆ ಬೇರೆಯವರ ಪ್ರತಿಕಾಯ ರೋಗಿಯದೆಂದು ವರದಿಯಾಗುತ್ತದೆ. ಒಂದು ವರ್ಷದೊಳಗಿನ ಮಗುವಿನಲ್ಲಿ ಕಾಣುವುದು ತಾಯಿಯ ಪ್ರತಿಕಾಯವೂ ಇರಬಹುದು. ಅಂಥ ಮಗುವನ್ನು ಸೋಂಕಿಲ್ಲದ ಮಗುವೆಂದೇ ಎಣಿಸುವುದು ಕ್ಷೇಮ.

ಮೊದಲ ವರ್ಷ

ಮೂತ್ರಪಿಂಡ ಕಸಿಯ ಬಗ್ಗೆ ಕೆಡಿಗೋ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾರ್ಗಸೂಚಿ ಹೆಚ್ಚು ಅಪಾಯದವರಿಗೆ ಹೇಳುವ ಪಿಸಿಆರ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ಅಳೆಯುವ ಪರೀಕ್ಷೆಯ, ವೇಳಾಪಟ್ಟಿ ಹೀಗಿದೆ: ಮೊದಲ ವಾರ ಒಮ್ಮೆ, ನಂತರ ಮೊದಲ 3ರಿಂದ 6 ತಿಂಗಳು ತಿಂಗಳಿಗೊಮ್ಮೆಯಾದರೂ, ಆಮೇಲೆ ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ. ಅಂಗ ತಿರಸ್ಕಾರಕ್ಕೆ ಚಿಕಿತ್ಸೆ ಕೊಟ್ಟಿದ್ದರೆ ಅದಾದ ಮೇಲೆ ಮತ್ತೆ ನೋಡಬೇಕು.

ಎಡವುವುದು ಸಂಖ್ಯೆ ಓದುವಲ್ಲಿ. ಪೂರ್ಣ ರಕ್ತದ ಫಲಿತಾಂಶವನ್ನೂ ಪ್ಲಾಸ್ಮಾದ (ರಕ್ತಕಣಗಳನ್ನು ಬೇರ್ಪಡಿಸಿದ ದ್ರವದ) ಫಲಿತಾಂಶವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು. ವೈರಸ್ ಬಿ ಕೋಶಗಳೊಳಗೇ ಇರುವುದರಿಂದ ಪೂರ್ಣ ರಕ್ತದಲ್ಲಿ ಅಂಕಿ ಹೆಚ್ಚಾಗಿ ಬರುತ್ತದೆ. ಒಂದೇ ಲ್ಯಾಬ್, ಒಂದೇ ಬಗೆಯ ಮಾದರಿ, ಒಂದೇ ಏಕಮಾನ ಇರಲಿ. ವೈರಸ್ ಪ್ರಮಾಣ 1,000 ಇದ್ದದ್ದು 2,000 ಆದರೆ ಅದು ಪರೀಕ್ಷೆಯ ಸಹಜ ಏರಿಳಿತವೇ ಇರಬಹುದು. ಮೂರು ಪಟ್ಟು ದಾಟಿದರೆ ಗಮನ ಕೊಡಿ. 1,000ದಿಂದ 10,000, ಅಲ್ಲಿಂದ 40,000 ಎಂದು ಏರುತ್ತಲೇ ಹೋದರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯುವಂತಿಲ್ಲ. ಎಲ್ಲರಿಗೂ ಅನ್ವಯಿಸುವ ಅಪಾಯದ ಗೆರೆ ಎಂಬುದೊಂದಿಲ್ಲ.

ಏರುತ್ತಿದ್ದರೆ

ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಕುತ್ತಿಗೆ ಕಂಕುಳಲ್ಲಿ ಗಂಟು ಇದೆಯೇ ನೋಡಬೇಕು. ಮಗು ಹೊಸದಾಗಿ ಗೊರಕೆ ಹೊಡೆಯುತ್ತಿದ್ದರೆ ಟಾನ್ಸಿಲ್ ಪರೀಕ್ಷಿಸಿ. ಬಿಡದ ಭೇದಿ, ಮಲದಲ್ಲಿ ರಕ್ತ ಇದ್ದರೆ ಕರುಳನ್ನು ನೋಡಬೇಕು. ಗಡ್ಡೆ ಎಲ್ಲಿದೆಯೆಂದು ತೋರಿಸಲು ಸಿಟಿ ಅಥವಾ ಪೆಟ್-ಸಿಟಿ ನೆರವಾಗುತ್ತದೆ, ರೋಗ ಖಚಿತವಾಗುವುದು ಬಯಾಪ್ಸಿಯಿಂದ ಮಾತ್ರ. ಸೂಜಿ ಚುಚ್ಚಿ ತೆಗೆದ ನಾಲ್ಕು ಕೋಶ ಸಾಲದು, ಸಾಧ್ಯವಾದರೆ ಇಡೀ ಗ್ರಂಥಿಯನ್ನೇ ತೆಗೆದು ಕಳಿಸಬೇಕು. ಜೊತೆಗೆ ಕೋಶದೊಳಗಿನ ವೈರಸ್ ತೋರಿಸುವ ಈಬರ್ ಪರೀಕ್ಷೆಯನ್ನೂ ಕೇಳಿ.

ದುಬಾರಿಯಾಗುವ ತಪ್ಪೊಂದಿದೆ. ಪಿಟಿಎಲ್‌ಡಿ ಕಸಿ ಅಂಗದಲ್ಲೇ ಕಾಣಿಸಿಕೊಂಡಾಗ ಅದು ತಿರಸ್ಕಾರದಂತೆಯೇ ತೋರಬಹುದು. ಅಂಗ ಉಳಿಸಲೆಂದು ನಿರೋಧಕ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಿದರೆ ಗಡ್ಡೆಗೇ ಗೊಬ್ಬರ ಹಾಕಿದಂತೆ.

ಚಿಕಿತ್ಸೆ

ಮೊದಲ ಹೆಜ್ಜೆ ನಿರೋಧಕ ಶಕ್ತಿ ಕುಗ್ಗಿಸುವ ಔಷಧವನ್ನು ತಗ್ಗಿಸುವುದು. ಎಷ್ಟು ಎಂಬುದನ್ನು ಕಸಿ ತಂಡವೇ ತೀರ್ಮಾನಿಸಬೇಕು, ರೋಗಿ ತಾನಾಗಿ ಮಾತ್ರೆ ಬಿಟ್ಟರೆ ಅಂಗವೇ ಹೋದೀತು. ಅಷ್ಟರಿಂದ ರೋಗ ತಗ್ಗದಿದ್ದರೆ, ಗಡ್ಡೆಯ ಕೋಶಗಳ ಮೇಲೆ ಸಿಡಿ20 ಎಂಬ ಪ್ರೋಟೀನ್ ಇದ್ದಲ್ಲಿ ಅದನ್ನೇ ಗುರಿಯಾಗಿಸುವ ರಿಟುಕ್ಸಿಮ್ಯಾಬ್ ಔಷಧ ಕೊಡುತ್ತಾರೆ. ಅದಕ್ಕೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಸುಪ್ತವಾಗಿದ್ದ ಆ ವೈರಸ್ ಇದರಿಂದ ಕೆರಳಬಲ್ಲದು. ವೈರಸ್ ನಿರೋಧಕ ಔಷಧಗಳಾದ ಎಸೈಕ್ಲೋವಿರ್, ಗ್ಯಾನ್‌ಸೈಕ್ಲೋವಿರ್‌ಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಅವು ತಡೆಯುವುದು ಮರಿ ಹಾಕುತ್ತಿರುವ ವೈರಸ್ಸನ್ನು, ಗಡ್ಡೆಯ ಕೋಶಗಳಲ್ಲಿರುವುದು ಬಹುಪಾಲು ಸುಪ್ತ ವೈರಸ್.

ಕಸಿಯಾಗಿ ಹಲವು ವರ್ಷಗಳ ನಂತರ ಬರುವ ಪಿಟಿಎಲ್‌ಡಿಯಲ್ಲಿ ಇಬಿವಿ ಇಲ್ಲದೆಯೂ ಇರಬಹುದು. ಆದ್ದರಿಂದ ಪಿಸಿಆರ್ ಸೊನ್ನೆ ಬಂದಿದೆಯೆಂದು ಕರಗದ ಗಂಟಿನ ಬಯಾಪ್ಸಿಯನ್ನು ಮುಂದೂಡಬಾರದು.