ಏಳನೇ ನಂಬರ್ ರೈಲು ಹತ್ತಿ, ಕ್ವೀನ್ಸ್‌ನಲ್ಲಿ ತಿನ್ನಿ

ನ್ಯೂಯಾರ್ಕಿಗೆ ಬರುವ ನಮ್ಮ ನೆಂಟರಿಗೆಲ್ಲ ನಾನು ಹೇಳುವುದು ಇಷ್ಟೇ. ಟೈಮ್ಸ್ ಸ್ಕ್ವೇರ್ ನೋಡಿ, ಫೋಟೋ ತೆಗೆದುಕೊಳ್ಳಿ, ಆದರೆ ಅಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ತಿನ್ನುವುದಕ್ಕೆ ನಗರದ ಇನ್ನೊಂದು ಭಾಗವಾದ ಕ್ವೀನ್ಸ್‌ಗೆ ಹೋಗಿ. ಅಲ್ಲೇ ಕೆಳಗೆ 7ನೇ ನಂಬರಿನ ಸಬ್‌ವೇ ಸಿಗುತ್ತದೆ. ಫ್ಲಶಿಂಗ್ ಕಡೆಗೆ ಹೋಗುವುದನ್ನು ಹತ್ತಿ. ನೇರಳೆ ಬಣ್ಣದ 7 ಗುಂಡಗಿನ ಚಿಹ್ನೆಯೊಳಗೆ ಇರಬೇಕು. ವಜ್ರದಾಕಾರದ್ದು ಎಕ್ಸ್‌ಪ್ರೆಸ್, ನಿಮಗೆ ಬೇಕಾದ ಸ್ಟೇಷನ್ನಿನಲ್ಲಿ ಅದು ನಿಲ್ಲುವುದಿಲ್ಲ.

ಮೊದಲು 74ನೇ ಸ್ಟ್ರೀಟ್‌ನಲ್ಲಿ ಇಳಿಯಿರಿ. ಇದು ಜಾಕ್ಸನ್ ಹೈಟ್ಸ್. ಒಂದು ಬೀದಿ ತುಂಬ ನಮ್ಮವರದೇ: ಪಟೇಲ್ ಬ್ರದರ್ಸ್ ಎಂಬ ದಿನಸಿ ಅಂಗಡಿ, ಮಿಠಾಯಿ ಅಂಗಡಿ, ಚಿನ್ನದ ಅಂಗಡಿ. ದಾಟಿದರೆ ನೇಪಾಳಿ, ಟಿಬೆಟಿನವರ ಮೊಮೊ. ಇಲ್ಲಿ ಒಂದೇ ಪ್ಲೇಟ್ ತೆಗೆದುಕೊಂಡು ಹಂಚಿಕೊಳ್ಳಿ, ಮುಂದೆ ಇನ್ನೂ ಬಹಳ ಇದೆ. ಮೊಮೊದಲ್ಲಿ ದನದ ಮಾಂಸ ಜಾಸ್ತಿ. ಬೇಡದವರು ಮೊದಲೇ ಕೇಳಿ. ಎಷ್ಟೋ ಕಡೆ ಹಿಂದಿ ನಡೆಯುತ್ತದೆ.

37ನೇ ಅವೆನ್ಯೂದಲ್ಲಿ ಅರೆಪಾ ಲೇಡಿ ಇದೆ. ರೂಸ್‌ವೆಲ್ಟ್ ಅವೆನ್ಯೂದ ತಳ್ಳುಗಾಡಿಯಿಂದ ಬೆಳೆದ ಕೊಲಂಬಿಯಾದ ಹೋಟೆಲ್ ಅದು. ‘ಅರೆಪಾ ದೆ ಚೊಕ್ಲೊ’ ಕೇಳಿ. ಸಿಹಿ ಜೋಳದ ಮೆತ್ತನೆ ರೊಟ್ಟಿ, ಮಡಿಚಿದ ಹೊಟ್ಟೆಯೊಳಗೆ ಬಿಳಿ ಚೀಸ್. ಸಿಹಿ, ಉಪ್ಪು ಎರಡೂ ಒಟ್ಟಿಗೆ ಬಾಯಿಗೆ ಬರುತ್ತವೆ. ಸಸ್ಯಾಹಾರಿಯಾದ ನನ್ನ ಅಮ್ಮ ಇಲ್ಲಿ ಎರಡನೇದನ್ನೂ ತರಿಸಿಕೊಂಡರು!

ಮತ್ತೆ ರೈಲು ಹತ್ತಿ, ಕೊನೆಯ ಸ್ಟೇಷನ್ ಫ್ಲಶಿಂಗ್ ಮೇನ್ ಸ್ಟ್ರೀಟ್. ಹತ್ತಿರದಲ್ಲೇ ನ್ಯೂ ವರ್ಲ್ಡ್ ಮಾಲ್, ಅದರ ನೆಲಮಾಳಿಗೆಯಲ್ಲಿ ಚೀನೀ ಅಂಗಡಿಗಳ ಸಾಲು. ಕೈಯಲ್ಲೇ ಎಳೆದು ಮಾಡುವ ನೂಡಲ್ಸ್ ತಿನ್ನಲೇಬೇಕು. ಎಲ್ಲಿ ಸಾಲು ಉದ್ದವಿದೆಯೋ ಅಲ್ಲೇ ನಿಲ್ಲಿ. ಸಸ್ಯಾಹಾರಿಗಳು ‘ವೆಜ್’ ಎಂದಷ್ಟೇ ಹೇಳಿ ಸುಮ್ನಾಗಬೇಡಿ. ತರಕಾರಿ ಸೂಪಿಗೂ ಮಾಂಸದ ಸಾರು ಬಿದ್ದಿರಬಹುದು. ಸಾರು, ಹಂದಿ ಕೊಬ್ಬು, ಮೀನಿನ ಸಾಸ್, ಒಂದೊಂದರ ಹೆಸರು ಹೇಳಿ ಕೇಳಿ.

ಇಷ್ಟೆಲ್ಲ ಕೇಳುವ ತಾಪತ್ರಯ ಬೇಡ ಅನ್ನುವವರಿಗೆ ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನ ಇದೆ. ಮೇನ್ ಸ್ಟ್ರೀಟಿನಿಂದ ಸುಮಾರು ಅರ್ಧ ಗಂಟೆಯ ನಡಿಗೆ. 1977ರಲ್ಲಿ ಪ್ರತಿಷ್ಠೆಯಾದ ಗುಡಿ, ಕೆಳಗಡೆ ಕ್ಯಾಂಟೀನ್. ದೋಸೆ, ಇಡ್ಲಿ, ಫಿಲ್ಟರ್ ಕಾಫಿ. ದೋಸೆಗಾಗಿ ದೂರದಿಂದ ಬರುವ ಅಮೆರಿಕನ್ನರೂ ಪಕ್ಕದ ಮೇಜಲ್ಲಿ ಸಿಗುತ್ತಾರೆ. ತುಂಬ ದಿನ ಮನೆಯೂಟ ಇಲ್ಲದೆ ಓಡಾಡಿದವರನ್ನು ನಾನು ಮೊದಲು ಇಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಬೇಸಿಗೆಯ ಶನಿವಾರವಾದರೆ ದಾರಿಯಲ್ಲಿ 111ನೇ ಸ್ಟ್ರೀಟ್‌ನಲ್ಲಿ ಇಳಿದು ಕ್ವೀನ್ಸ್ ನೈಟ್ ಮಾರ್ಕೆಟ್ ನೋಡಿ. 2015ರಲ್ಲಿ ಶುರುವಾದದ್ದು, ಬೇರೆ ಬೇರೆ ದೇಶದವರು ತಮ್ಮ ಮನೆಯ ಅಡುಗೆ ಮಾರುತ್ತಾರೆ. ನಡುವೆ ಕೆಲವು ವಾರ ಬಿಡುವಿರುತ್ತದೆ, ತಾರೀಕು ನೋಡಿಕೊಂಡು ಹೋಗಿ.

ಗಾಡಿಗಳ ಹತ್ತಿರ ತಿನ್ನಲು ಚಿಲ್ಲರೆ ನೋಟು ಇಟ್ಟುಕೊಳ್ಳಿ. ಕೂತು ತಿನ್ನುವ ಹೋಟೆಲಲ್ಲಿ ಮೆನುವಿನ ಬೆಲೆಯ ಮೇಲೆ 8.875% ತೆರಿಗೆ, ಬಡಿಸಿದವರಿಗೆ 18–20% ಟಿಪ್ ಸೇರಿಸಿ ಲೆಕ್ಕ ಹಾಕಿ. ಕಿಟಕಿಯಲ್ಲಿ ಎ, ಬಿ, ಸಿ ಅಂತ ಅಂಟಿಸಿರುವುದು ನಗರದ ಆರೋಗ್ಯ ಇಲಾಖೆ ಶುಚಿತ್ವಕ್ಕೆ ಕೊಟ್ಟ ದರ್ಜೆ, ರುಚಿಗಲ್ಲ.