ಮಳೆಗಾಲಕ್ಕೆ ಜೇನುತುಪ್ಪ ಬಿಟ್ಟೆ, ಜೇನು ಪೆಟ್ಟಿಗೆಗಳು ಉಳಿದವು

ಈ ಸಲ ಆಶ್ಲೇಷ ಮಳೆ ಮುಗಿದ ಮೇಲೆ ಪೆಟ್ಟಿಗೆಗಳನ್ನು ತೆಗೆದು ನೋಡಿದೆ. 16ರಲ್ಲಿ 15 ಜೇನು ಕುಟುಂಬ ಗಟ್ಟಿಯಾಗಿವೆ. ಶಿರಸಿ ಕಡೆಯ ಮಳೆಯಲ್ಲಿ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನು, ಸಾಕಿದವರಿಗೆ ಇದರ ಬೆಲೆ ಗೊತ್ತು. ಮೇ ತಿಂಗಳಲ್ಲಿ ನಾನು ತುಪ್ಪ ಪೂರ್ತಿ ತೆಗೆಯದೆ ಬಿಟ್ಟಾಗ, "ಹುಳಕ್ಕೆ ತಿನ್ನಿಸೋಕೆ ಜೇನು ಸಾಕ್ತೀಯಾ ಮಾರಾಯಾ" ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ 14ರಲ್ಲಿ 9 ಹೋದವು. ನೇರಳೆ ಹೂ ಚೆನ್ನಾಗಿ ಬಂದಿತ್ತು, ಆಸೆಗೆ ಬಿದ್ದು ಸೂಪರ್, ಅಂದರೆ ಪೆಟ್ಟಿಗೆಯ ಮೇಲಿನ ತುಪ್ಪದ ಅಂತಸ್ತು, ಪೂರ್ತಿ ಬರಿದು ಮಾಡಿದ್ದೆ. ಆಮೇಲೆ ಎಲ್ಲರೂ ಹೇಳುವ ಹಾಗೆ ವಾರಕ್ಕೆ 200 ಗ್ರಾಂ ಸಕ್ಕರೆಗೆ ಅಷ್ಟೇ ನೀರು ಹಾಕಿ ಕೊಟ್ಟೆ. ಆದರೆ ಆರಿದ್ರಾ ಮಳೆ ಹಗಲು ರಾತ್ರಿ ಹೊಯ್ಯುವಾಗ ಪೆಟ್ಟಿಗೆ ತೆಗೆಯುವುದು ಹೇಗೆ? ಎರಡು ಸರದಿ ತಪ್ಪಿತು, ಕೊಟ್ಟಿದ್ದ ತೆಳು ಪಾಕವೂ ಹುಳಿ ಬಂತು. ಒಂದು ಪೆಟ್ಟಿಗೆ ತೆಗೆದರೆ, ಮೇಣದ ಎರಿಯ ಖಾಲಿ ಕಣ್ಣುಗಳೊಳಗೆ ತಲೆ ತೂರಿಸಿಕೊಂಡೇ ಹುಳಗಳು ಸತ್ತಿದ್ದವು. ಹಿಂಭಾಗ ಮಾತ್ರ ಹೊರಗೆ, ಸಾಲಾಗಿ. ಆ ದಿನ ನನಗೆ ಊಟ ಸೇರಲಿಲ್ಲ. ಆ ಒಂಬತ್ತರಲ್ಲಿ ಮಿಕ್ಕವು ಮಳೆ ಎರಡು ದಿನ ಬಿಟ್ಟು ಬಿಸಿಲು ಬಂದಿದ್ದೇ ತಡ, ಗೂಡು ಬಿಟ್ಟು ಹೋದವು. ಹೊಸ ಕುಟುಂಬಕ್ಕೆ ಒಂದೊಂದಕ್ಕೆ 1,800 ರೂಪಾಯಿ ಕೊಟ್ಟೆ, ಒಟ್ಟು 16 ಸಾವಿರ.

ಮರುವರ್ಷ ಪಾಕ ಜಾಸ್ತಿ ಮಾಡಿದೆ, ಅದೂ ಮಧ್ಯಾಹ್ನ ಕೊಟ್ಟೆ. ಚೂರು ಚೆಲ್ಲಿದ್ದಕ್ಕೆ ಒಂದು ಪೆಟ್ಟಿಗೆಗೆ ಇನ್ನೊಂದರ ಹುಳ ನುಗ್ಗಿ ಕಾದಾಟ ಶುರುವಾಯಿತು. 4 ಹೋದವು. ಆಗಲೇ ಒಂದು ಪೆಟ್ಟಿಗೆಗೆ ಬೆಲ್ಲದ ಪಾಕ ಕೊಟ್ಟು ನೋಡಿದ್ದೆ. ವಾರದಲ್ಲಿ ಬಾಗಿಲ ಮುಂದೆಲ್ಲ ಕಂದು ಹಿಕ್ಕೆ, ಹುಳಗಳಿಗೆ ಭೇದಿ. ಯಾರೂ ಮಾಡಬೇಡಿ. ಪರಾಗದ ಬದಲಿಗೆ ಸೋಯಾ ಹಿಟ್ಟು ಇಟ್ಟರೆ ಮುಟ್ಟಲೇ ಇಲ್ಲ, ಕಸದ ಹಾಗೆ ಹೊರಗೆ ಎಳೆದು ಹಾಕಿದವು. ಪರಾಗಕ್ಕೆ ನಮ್ಮಲ್ಲಿ ತೆಂಗಿನ ಹಿಂಗಾರ ಇದೆ, ಮಳೆಗಾಲದಲ್ಲಿ ಮುಟ್ಟಿದರೆ ಮುನಿಯೂ ಹೂ ಬಿಡುತ್ತೆ, ಅಷ್ಟು ಸಾಕು.

ಈಗ ಮೇ ಎರಡನೇ ವಾರಕ್ಕೇ ಕೊನೆಯ ಕೊಯ್ಲು. ಪ್ರತಿ ಸೂಪರಿನಲ್ಲಿ ಹುಳಗಳು ಮೇಣದಿಂದ ಪೂರ್ತಿ ಮುಚ್ಚಿದ 4 ಎರಿ ಬಿಡುತ್ತೇನೆ, ಒಂದೊಂದರಲ್ಲಿ ಸುಮಾರು 400 ಗ್ರಾಂ ತುಪ್ಪ. ಅವನ್ನು ಕೆಳಗಿನ ಮರಿಗಳ ನೆತ್ತಿಯ ಮೇಲೆ ಬರುವ ಹಾಗೆ ನಡುವೆ ಸೇರಿಸಿ, ಅಕ್ಕಪಕ್ಕದ ಜಾಗಕ್ಕೆ ಒಣಗಿದ ಗೋಣಿ ತುರುಕುತ್ತೇನೆ. ಕೆಳಗೆ ಹುಳ ಕೂರದ ಎರಿ ಇದ್ದರೆ ತೆಗೆದುಬಿಡುತ್ತೇನೆ, ಇಲ್ಲದಿದ್ದರೆ ಎರಿ ತಿನ್ನುವ ಮೇಣದ ಹುಳುವಿಗೆ ಮನೆಯಾಗುತ್ತೆ. ಆಮೇಲೆ ರೋಹಿಣಿ ಮಳೆ ಹಿಡಿಯುವ ಮುಂಚೆ ನಾಲ್ಕು ಸಂಜೆ ಗಟ್ಟಿ ಪಾಕ, 2 ಕೆಜಿ ಸಕ್ಕರೆಗೆ 1 ಲೀಟರ್ ನೀರು. ಕತ್ತಲಾದ ಮೇಲೆ ತೆಂಗಿನ ಚಿಪ್ಪಿನಲ್ಲಿ ಹೊಯ್ದು, ಹುಳ ಮುಳುಗದ ಹಾಗೆ ಕಡ್ಡಿ ಹಾಕುತ್ತೇನೆ. ಗಟ್ಟಿ ಕುಟುಂಬವಾದರೆ ಬೆಳಗಾಗುವುದರೊಳಗೆ ಚಿಪ್ಪು ಖಾಲಿ, ಎರಿಗೆ ತುಂಬಿಕೊಂಡಿರುತ್ತವೆ. ಪಾಕಕ್ಕೆ ಒಂದು ಎಲೆಯನ್ನೂ ಹಾಕುತ್ತೇನೆ. ಅದು ಯಾವುದು ಅಂತ ಇನ್ನೆರಡು ಮಳೆಗಾಲ ನೋಡಿ ಹೇಳುತ್ತೇನೆ.

ಜೋರು ಮಳೆ ಹಿಡಿದ ಮೇಲೆ ತುಪ್ಪ ಎಷ್ಟಿದೆ ಅಂತ ನೋಡಲು ಮುಚ್ಚಳ ತೆಗೆಯುವುದೇ ಇಲ್ಲ. ಪೆಟ್ಟಿಗೆಯ ಹಿಂಭಾಗ ಒಂದು ಕೈಯಲ್ಲಿ ಚೂರೇ ಎತ್ತಿ ನೋಡುತ್ತೇನೆ. ಭಾರ ಇದ್ದರೆ ಬಿಡುತ್ತೇನೆ, ಹಗುರ ಅನ್ನಿಸಿದರೆ ಅವತ್ತೇ ರಾತ್ರಿ ಒಂದು ಚಿಪ್ಪು ಪಾಕ. ಈ ಸಲ ಹಗುರ ಆಗಿದ್ದು 3 ಮಾತ್ರ. ಈ ಸಲ ಹೋದ ಒಂದರಲ್ಲಿ ತುಪ್ಪ ಹಾಗೇ ಇತ್ತು. ರಾಣಿ ಹಳೆಯದು, ಬೇಸಿಗೆಯಲ್ಲೇ ಬದಲಿಸಬೇಕಿತ್ತು.

ಲೆಕ್ಕ ಹೇಳುತ್ತೇನೆ. ಬಿಟ್ಟ ತುಪ್ಪ 25 ಕೆಜಿ, ನಾನು ಮಾರುವ ದರದಲ್ಲಿ 12-13 ಸಾವಿರ. ಸಕ್ಕರೆ 20 ಕೆಜಿ ಒಳಗೆ, ಹತ್ತಿರ ಹತ್ತಿರ 900 ರೂಪಾಯಿ. ಆ 9 ಕುಟುಂಬ ಕಳೆದುಕೊಂಡಾಗ ಬರೀ ಹುಳಕ್ಕೇ ಇದಕ್ಕಿಂತ ಜಾಸ್ತಿ ಕೊಟ್ಟಿದ್ದೆ, ಮುಂದಿನ ಬೇಸಿಗೆಯ ತುಪ್ಪ ಕೈತಪ್ಪಿದ್ದು ಬೇರೆ.

ಬಿಟ್ಟ ಎರಿಗಳ ಮೇಲಿನ ಪಟ್ಟಿಗೆ ಸುಣ್ಣದ ಗುರುತು ಹಾಕಿದ್ದೇನೆ. ಅದರಲ್ಲಿ ಪಾಕ ಸೇರಿರುತ್ತೆ ಅಲ್ವಾ, ಎಷ್ಟು ಉಳಿದರೂ ಮಾರುವುದಿಲ್ಲ. ಅದು ಹುಳದ್ದೇ.